ದೊಡ್ಡ ಬಿಲ್ಲೆ, ಚಿಕ್ಕ ಬಿಲ್ಲೆ

ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡವರು ಉಗುಳಿ ಬಂದು ಕೂತುಕೊಳ್ಳಿ. ನಡುವೆ ನಗು ಬಂದು ಎದುರಿನ ಗೋಡೆ ಕೆಂಪಾದರೆ ನನ್ನನ್ನು ಕೇಳಬೇಡಿ.

ಕಡೂರಿನಲ್ಲಿ ಒಬ್ಬ ತಾಯಿ, ಒಬ್ಬ ಮಗ. ತಾಯಿ ಸರ್ವಮಂಗಳಮ್ಮ, ಮಗ ಗುರುಪಾದ. ಗುರುಪಾದ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಆರು ತಿಂಗಳು ಕಂಪ್ಯೂಟರ್ ತರಗತಿಗೆ ಹೋಗಿ ವೆಬ್‌ಸೈಟಿನ ಪುಟ ಕಟ್ಟುವುದನ್ನು ಕಲಿತು ಬಂದವನು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕಷ್ಟವೆಲ್ಲ ಅಲ್ಲೇ ಇತ್ತು. "ನಾನು ಬರೋವರೆಗೂ ಒಲೆ ಮುಂದೆ ಕೂತಿರು" ಅಂದರೆ ಹಾಲು ಉಕ್ಕಿ, ಒಲೆ ಆರಿ, ನೆಲವೆಲ್ಲ ಹರಿದರೂ ಒಲೆ ಮುಂದೆಯೇ ಕೂತಿರುತ್ತಿದ್ದ.

"ದೇವರೇ, ಬುದ್ಧಿ ಹಂಚೋ ಹೊತ್ತಲ್ಲಿ ಇವನು ಎಲ್ಲಿ ಹೋಗಿದ್ದ?" ಅಂತ ತಾಯಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಮಗ ಪೆದ್ದನಾದದ್ದನ್ನಾದರೂ ಅವಳು ನುಂಗಿಕೊಂಡಾಳು. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಓರಗಿತ್ತಿ ದಾಕ್ಷಾಯಣಿಯ ಮಗ ಜಾಣನಾದದ್ದು. ಅವನು ಜಯದೇವ. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗೂ ಬ್ಯಾನರಿಗೂ ಚಿತ್ರ ಬರೆಯುವವನು. ಓರಗಿತ್ತಿಯರಿಬ್ಬರೂ ಒಂದೇ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಉದ್ದಿನ ಹಪ್ಪಳ ಮಾಡುತ್ತಿದ್ದರು. ಹಿಟ್ಟು ಕಲಸಿ ಒನಕೆಯಲ್ಲಿ ಕುಟ್ಟುವವಳು ಸರ್ವಮಂಗಳಮ್ಮ, ಲಟ್ಟಿಸುವವಳು ದಾಕ್ಷಾಯಣಿ. ಬಂದವರು ಹಪ್ಪಳ ಎತ್ತಿ ಬೆಳಕಿಗೆ ಹಿಡಿದು, "ಏನು ತೆಳು, ಏನು ತೆಳು" ಅನ್ನುತ್ತಿದ್ದರು. ಏನು ಕುಟ್ಟಿದ್ದು, ಏನು ಕುಟ್ಟಿದ್ದು ಅಂತ ಇವತ್ತಿನವರೆಗೆ ಒಬ್ಬರೂ ಅಂದಿಲ್ಲ.

ಆ ವರ್ಷ ಹಪ್ಪಳಕ್ಕೆ ಒಂದು ವೆಬ್‌ಸೈಟು ಆಗಲಿ ಅಂತ ಮನೆಯಲ್ಲಿ ಮಾತಾಯಿತು. ಜಯದೇವ ಚಿತ್ರ ಬರೆಯುವುದು, ಗುರುಪಾದ ಆ ಚಿತ್ರ ನೋಡಿ ಪುಟ ಕಟ್ಟುವುದು. ಸೋಮವಾರ ಸ್ತ್ರೀಶಕ್ತಿ ಸಂಘದ ಹೆಂಗಸರನ್ನೆಲ್ಲ ಕರೆದು ಟೀವಿಯಲ್ಲಿ ತೋರಿಸುವುದು.

ಜಯದೇವ ಚಿತ್ರ ಬರೆದು ಹಾಳೆಯಲ್ಲಿ ಅಚ್ಚು ಹಾಕಿಸಿ ತಂದ. ಸರ್ವಮಂಗಳಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಮೇಲೆ ಒಂದು ದೊಡ್ಡ ದುಂಡು ಬಿಲ್ಲೆ, ಅದರೊಳಗೆ ದಾಕ್ಷಾಯಣಿಯ ನಗುಮುಖ, ಮೂಗುಬೊಟ್ಟು ಸಮೇತ. ಕೆಳಗೆ ಮೂಲೆಯಲ್ಲಿ ಒಂದು ಚಿಕ್ಕ ಬೂದಿ ಬಣ್ಣದ ಬಿಲ್ಲೆ. ಅದರೊಳಗೆ ಮುಖವಿಲ್ಲ. "ಇಲ್ಲಿ ಫೋಟೋ ಬರುತ್ತದೆ" ಅಂತ ಬರೆದಿತ್ತು.

"ಇದ್ಯಾರು?"

"ನೀವೇ ದೊಡ್ಡಮ್ಮ. ನಿಮ್ಮ ಫೋಟೋ ಸಿಗ್ಲಿಲ್ಲ, ಆಮೇಲೆ ಹಾಕೋಣ."

ಹಿರಿಯ ಸೊಸೆ ಕೆಳಗೆ, ಕಿರಿಯಳು ಮೇಲೆ. ಹಿರಿಯಳು ಎಂಟಾಣೆಯಷ್ಟು, ಕಿರಿಯಳು ಊಟದ ತಟ್ಟೆಯಷ್ಟು. ಸರ್ವಮಂಗಳಮ್ಮನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು. ಬಾಯಲ್ಲಿ ಮಾತ್ರ "ಚೆನ್ನಾಗಿದೆ" ಅಂದಳು.

ಜಯದೇವ ಹಾಳೆಯನ್ನು ಗುರುಪಾದನ ಕೈಗೆ ಕೊಟ್ಟು ಹೇಳಿದ: "ನೋಡೋ, ಇದರಲ್ಲಿ ಹೇಗಿದೆಯೋ ಹಾಗೇ ಬರ್ಬೇಕು. ಒಂದು ಚುಕ್ಕೆನೂ ಬಿಡ್ಬೇಡ."

"ಆಯ್ತು," ಅಂದ ಗುರುಪಾದ.

ಮೂರು ದಿನ ಕೂತು ಮಾಡಿದ. ಒಂದು ಚುಕ್ಕೆಯನ್ನೂ ಬಿಡಲಿಲ್ಲ. ಹಾಳೆ ಮಡಿಸಿದ್ದ ಗೆರೆ ಪುಟದ ನಡುವೆ ಬಂತು. ಜಯದೇವ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿಕೊಂಡಿದ್ದ "ಗುರುವಾರ ಹಲ್ಲಿನ ಡಾಕ್ಟರು" ಅನ್ನುವುದೂ ಬಂತು. ಹಾಳೆಯ ಮೇಲೆ ಕಾಫಿ ಲೋಟ ಇಟ್ಟ ಕಲೆಯಿತ್ತು, ಅದು ಸರಿಯಾಗಿ ದಾಕ್ಷಾಯಣಿಯ ಕೆನ್ನೆಯ ಮೇಲೆ ಬಂತು. ಬರಹದ ಜಾಗದಲ್ಲೆಲ್ಲ "ಇಲ್ಲಿ ಬರಹ ಬರುತ್ತದೆ, ಇಲ್ಲಿ ಬರಹ ಬರುತ್ತದೆ" ಅಂತ ಹನ್ನೊಂದು ಸಲ ಬಂತು. "ಆರ್ಡರ್ ಮಾಡಿ" ಅನ್ನುವ ಬಟನ್ನನ್ನು ಎಷ್ಟು ಒತ್ತಿದರೂ ಅಲ್ಲಾಡಲಿಲ್ಲ. ಹಾಳೆಯಲ್ಲೂ ಅದು ಅಲ್ಲಾಡುತ್ತಿರಲಿಲ್ಲವಲ್ಲ.

ಕಾಫಿ ಕಲೆ ಕಂಡು ಸರ್ವಮಂಗಳಮ್ಮನಿಗೆ ಸ್ವಲ್ಪ ತಂಪಾಯಿತು. ಜಯದೇವ ಮಾತ್ರ ಕೂಗಾಡಿದ.

"ಪೆದ್ದ, ಇದು ಗೋಡೆಗೆ ಅಂಟಿಸೋ ಚಿತ್ರ ಅಲ್ಲ. ಕಲೆ ಗೆರೆ ಎಲ್ಲ ತೆಗಿ. ಜನ ಒತ್ತಿದರೆ ಏನಾದರೂ ಆಗ್ಬೇಕು. ಒತ್ತಿದ ಕೂಡ್ಲೆ ಆರ್ಡರ್ ಬರ್ಬೇಕು."

"ಹಾಗಂತ ಮೊದಲೇ ಹೇಳ್ಬಾರ್ದಾ?" ಅಂದ ಗುರುಪಾದ.

ಮಾರನೆಯ ದಿನ ಕಲೆ ಹೋಯಿತು, ಗೆರೆ ಹೋಯಿತು. ನೋಡಿ ಹೇಳಿ ಅಂತ ಪುಟವನ್ನು ಮನೆಯವರ ಫೋನಿಗೆಲ್ಲ ಕಳಿಸಿದ. ಬೆಳಿಗ್ಗೆ ಎಂಟಕ್ಕೆ ದಾಕ್ಷಾಯಣಿಯ ಫೋನು ಟಣ್ ಅಂತು. ನೂರು ಹಪ್ಪಳಕ್ಕೆ ಆರ್ಡರು. ಮತ್ತೆ ಟಣ್, ಇನ್ನು ನೂರು. ಹತ್ತು ಗಂಟೆಯೊಳಗೆ ಹದಿನೆಂಟು ಆರ್ಡರು.

"ಅಕ್ಕಾ, ಬೇಗ ಹಿಟ್ಟು ಕುಟ್ಟು," ಅಂದಳು ದಾಕ್ಷಾಯಣಿ, ಸೆರಗು ಸರಿಮಾಡಿಕೊಳ್ಳುತ್ತಾ. "ನನ್ನ ಮುಖ ನೋಡೇ ಜನ ಕೇಳ್ತಾ ಇದಾರೆ ಅಂತ ಕಾಣುತ್ತೆ."

ಸರ್ವಮಂಗಳಮ್ಮ ಒನಕೆ ಹಿಡಿದಳು. ಕುಟ್ಟಿದಳು, ಬೆವರು ಒರೆಸಿಕೊಂಡಳು, ಫೋನು ತೆಗೆದಳು. ಫೋನಿನಲ್ಲಿ ದೊಡ್ಡ ಬಿಲ್ಲೆ, ಬಿಲ್ಲೆಯೊಳಗೆ ಅದೇ ನಗು. "ನಿನ್ನ ಮುಖ ನೋಡಿ ಕೇಳ್ತಾರಾ?" ಅಂತ, ಬೆಳಿಗ್ಗೆಯಿಂದ ತಿವಿಯುತ್ತಿದ್ದ ಹಾಗೇ ಬೆರಳಿನಿಂದ ಆ ಮೂಗುಬೊಟ್ಟನ್ನು ಇನ್ನೊಂದು ಸಲ ತಿವಿದಳು. ಆಚೆ ನಡುಮನೆಯಲ್ಲಿ ಟಣ್. "ಅಕ್ಕಾ, ಇನ್ನೂ ನೂರು." ಮತ್ತೆ ಕುಟ್ಟಿದಳು, ಮತ್ತೆ ಉರಿ ಏರಿತು, ಮತ್ತೆ ತಿವಿದಳು. ಟಣ್. ಸಂಜೆಯ ಹೊತ್ತಿಗೆ ನಲವತ್ತೊಂದು ಆರ್ಡರು, ತೋಳು ಎರಡೂ ಕಿತ್ತು ಬಂದ ಹಾಗೆ ನೋವು.

ಜಯದೇವ ಬಂದು ಪರೀಕ್ಷೆ ಮಾಡಿದ. ನಲವತ್ತೊಂದೂ ಒಂದೇ ಫೋನಿನಿಂದ ಬಂದಿದ್ದವು.

"ದೊಡ್ಡಮ್ಮ, ನಾಲ್ಕು ಸಾವಿರದ ನೂರು ಹಪ್ಪಳ ನಿಮಗ್ಯಾಕೆ?"

ಸರ್ವಮಂಗಳಮ್ಮ ಫೋನನ್ನು ಸೆರಗಿನಡಿ ಸೇರಿಸಿ ಒನಕೆ ಕಡೆ ತಿರುಗಿ ಕೂತಳು.

"ಒತ್ತಿದ ಕೂಡ್ಲೆ ಆರ್ಡರ್ ಬರ್ಬೇಕು ಅಂದ್ಯಲ್ಲ," ಅಂದ ಗುರುಪಾದ. "ಎಲ್ಲಿ ಒತ್ತಿದ್ರೆ ಅಂತ ನೀನು ಹೇಳ್ಲಿಲ್ಲ. ಮೂಗು ಒತ್ತಿದ್ರೂ ಬರುತ್ತೆ, ಕಿವಿ ಒತ್ತಿದ್ರೂ ಬರುತ್ತೆ."

"ಲೋ, ಬಟನ್ ಒತ್ತಿದ್ರೆ ಮಾತ್ರ ಕಣೋ. ಇನ್ನೊಂದು, ಫೋನಲ್ಲಿ ನೋಡಿದ್ರೆ ಎಲ್ಲ ಒಂದರ ಮೇಲೊಂದು ಹತ್ತಿ ಕೂತಿದೆ. ಒಂದಕ್ಕೊಂದು ತಾಗ್ಬಾರ್ದು. ಮಾಳಿಗೆ ಮೇಲೆ ಹಪ್ಪಳ ಹರಡ್ತಾರಲ್ಲ, ಹಾಗೆ ಮಾಡು."

ಹಪ್ಪಳ ಹರಡುವುದು ಗುರುಪಾದನಿಗೆ ಹುಟ್ಟಿನಿಂದ ಗೊತ್ತು. ಎಲ್ಲ ಒಂದೇ ಅಳತೆ, ನಡುವೆ ಎರಡು ಬೆರಳು ಜಾಗ. ಹಾಗೇ ಮಾಡಿದ. ಬೆಳಗಾದಾಗ ಪುಟದಲ್ಲಿ ಅಕ್ಷರಕ್ಕೂ ಅಕ್ಷರಕ್ಕೂ ಎರಡು ಬೆರಳು ಜಾಗ ಬಂತು. ಒಂದು ಮಾತು ಓದಬೇಕಾದರೆ ನಾಲ್ಕು ಸಲ ಪುಟ ಸರಿಸಬೇಕು. ಬಿಲ್ಲೆ ಎರಡೂ ಒಂದೇ ಅಳತೆಗೆ ಬಂದವು.

ಸರ್ವಮಂಗಳಮ್ಮ ಎದ್ದು ನಿಂತು ನೋಡಿದಳು. ಬೂದಿ ಬಿಲ್ಲೆ ದಾಕ್ಷಾಯಣಿಯ ಬಿಲ್ಲೆಯಷ್ಟೇ ಇತ್ತು. ಹೆತ್ತ ಮೇಲೆ ಮೊದಲನೆಯ ಸಲ ಮಗನ ಬೆನ್ನು ತಟ್ಟಿದಳು.

ಆ ಸಂತೋಷ ಮಧ್ಯಾಹ್ನದವರೆಗೆ. ಹನ್ನೆರಡು ಹೊಡೆದ ಕೂಡಲೇ ಪುಟ ತಾನಾಗಿ ತಲೆಕೆಳಗಾಯಿತು. ದಾಕ್ಷಾಯಣಿ ಗದ್ದ ಮೇಲೆ ಮಾಡಿಕೊಂಡು ನಗುತ್ತಿದ್ದಳು. ನಾಲ್ಕು ಗಂಟೆಗೆ ಪುಟವೇ ಮಾಯವಾಯಿತು.

"ಎಲ್ಲೋ ಹೋಯ್ತು?" ಅಂದ ಜಯದೇವ.

"ತೆಗೆದಿಟ್ಟೆ," ಅಂದ ಗುರುಪಾದ. "ಮಧ್ಯಾಹ್ನ ಮಗುಚಿ ಹಾಕ್ಬೇಕು, ಬಿಸಿಲು ಇಳಿಯೋ ಮುಂಚೆ ಒಳಗಿಡ್ಬೇಕು. ಇಲ್ದಿದ್ರೆ ತಣ್ಣಗಾಗಿ ಮೆತ್ತಗಾಗುತ್ತೆ. ಹಪ್ಪಳದವರ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ ನಿಂಗೆ?"

ಜಯದೇವ ಎರಡು ಕೈಯಲ್ಲಿ ತಲೆ ಹಿಡಿದುಕೊಂಡು ಕೂತ. ನಾಳೆಯೇ ಸೋಮವಾರ. ಕೊನೆಗೆ ನಿಧಾನವಾಗಿ, ಮಗುವಿಗೆ ಹೇಳಿದ ಹಾಗೆ ಹೇಳಿದ: "ಹಪ್ಪಳ ಮರೆತುಬಿಡು. ಬಿಲ್ಲೆ, ಬಟನ್ನು, ಎಲ್ಲ ಹಾಳೆಯಲ್ಲಿದ್ದ ಹಾಗೇ ಇರ್ಲಿ. 'ಇಲ್ಲಿ ಬರಹ ಬರುತ್ತದೆ' ಅಂತ ಇದೆಯಲ್ಲ, ಅಲ್ಲಿ ನಿಮ್ಮಮ್ಮನ ಮಾತು ಹಾಕು. ಹಪ್ಪಳ ಮಾಡೋದು ಹೇಗೆ ಅಂತ ಅವರನ್ನ ಕೇಳು. ಅವರ ಬಾಯಿಂದ ಬಂದಿದ್ದನ್ನ ಬಂದ ಹಾಗೇ ಬರಿ. ನಿನ್ನ ಬುದ್ಧಿ ಒಂದು ಚೂರೂ ಉಪಯೋಗಿಸ್ಬೇಡ."

"ಆಯ್ತು," ಅಂದ ಗುರುಪಾದ. ಇದು ಅವನಿಗೆ ಬಹಳ ಸುಲಭವಾದ ಕೆಲಸ.

ತಾಯಿಯ ಮುಂದೆ ಹೋಗಿ ಕೂತು ಕೇಳಿದ. ಬಿಲ್ಲೆ ಮತ್ತೆ ಚಿಕ್ಕದಾಯಿತು ಅಂತ ಅವಳಿಗೆ ಆಗಲೇ ತಿಳಿದಿತ್ತು. ಹಪ್ಪಳದಿಂದ ಶುರುಮಾಡಿದ ಮಾತು ಎಲ್ಲಿಗೋ ಹೋಯಿತು. ಮಗ ಬರೆಯುತ್ತಾ ಹೋದ.

ಸೋಮವಾರ ಬಂತು. ನಡುಮನೆಯ ತುಂಬ ಸಂಘದ ಹೆಂಗಸರು. ಟೀವಿಯಲ್ಲಿ ಪುಟ ತೆರೆಯಿತು. ದೊಡ್ಡ ಬಿಲ್ಲೆ ಮೇಲೆ, ಚಿಕ್ಕ ಬಿಲ್ಲೆ ಕೆಳಗೆ, ಬಟನ್ನು ಬಟನ್ನಿನ ಜಾಗದಲ್ಲಿ. ಜಯದೇವ ಉಸಿರು ಬಿಟ್ಟ. ದಾಕ್ಷಾಯಣಿ, "ಅಕ್ಕ ಹೇಳಿದ್ದನ್ನ ನಾನೇ ಓದ್ತೀನಿ" ಅಂತ ಮುಂದೆ ಹೋಗಿ ಗಟ್ಟಿಯಾಗಿ ಓದಿದಳು.

"ಉದ್ದಿನ ಹಿಟ್ಟಿಗೆ ಇಂಗು, ಉಪ್ಪು, ಹಪ್ಪಳದ ಖಾರ ಹಾಕಿ ಗಟ್ಟಿಯಾಗಿ ಕಲಸಬೇಕು. ಎಣ್ಣೆ ಮುಟ್ಟಿಸಿ ಕುಟ್ಟಬೇಕು. ಕುಟ್ಟೋದು ಯಾರು? ನಾನು. ಮೇಲಿನ ಬಿಲ್ಲೇಲಿ ಹಲ್ಲು ಕಿರಿಯೋದು ಯಾರು? ಅವಳು. ಇದನ್ನ ಬರೀಬೇಡ. ಹಿಟ್ಟಿನ ಹದ ಅವಳಿಗೆ ಗೊತ್ತಾ? ಅವಳ ಮಗ ಚಿತ್ರ ಬರೀತಾನೆ, ನನ್ನ ಮಗ ನನ್ನ ಪ್ರಾಣ ತಿಂತಾನೆ. ಯಾಕೋ ಬರೀತಾ ಇದೀಯ, ಬರೀಬೇಡ ಅಂದ್ನಲ್ಲ."

ಸರ್ವಮಂಗಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ದಾಕ್ಷಾಯಣಿ ಓದುವುದನ್ನು ನಿಲ್ಲಿಸಲಿಲ್ಲ, ದನಿ ಮಾತ್ರ ಇಳಿಯಿತು.

"ನಿಜ ಹೇಳ್ಲಾ? ಅವಳ ಕೈ ಕಂಡ್ರೆ ನನಗೆ ಹೊಟ್ಟೆಕಿಚ್ಚು. ಅವಳು ಲಟ್ಟಿಸಿದ ಹಪ್ಪಳದ ಆಚೆ ದೀಪ ಕಾಣುತ್ತೆ. ಅವಳಿಲ್ಲದಾಗ ನಾನೂ ಕದ್ದು ಲಟ್ಟಿಸಿ ನೋಡಿದೀನಿ. ಎಷ್ಟು ಸಲ ಅಂತ ಲೆಕ್ಕ ಇಲ್ಲ. ಬರೋದಿಲ್ಲ."

ದಾಕ್ಷಾಯಣಿ ತಿರುಗಿದಳು. ಬಯ್ಯುತ್ತಾಳೆ ಅಂತ ಎಲ್ಲರೂ ಕಾದರು.

"ಅಕ್ಕಾ, ನೀನು ತವರಿಗೆ ಹೋದಾಗೆಲ್ಲ ನಾನೂ ಕದ್ದು ಕುಟ್ಟಿದೀನಿ," ಅಂದಳು. "ಹಪ್ಪಳ ಬಿರಿದು ಚೂರಾಯ್ತು. ಎಮ್ಮೆಗೆ ಹಾಕ್ದೆ."

ಹೆಂಗಸರು ಬಿದ್ದು ಬಿದ್ದು ನಕ್ಕರು. ದಾಕ್ಷಾಯಣಿ ಕಣ್ಣು ಒರೆಸಿಕೊಂಡು ಗುರುಪಾದನಿಗೆ ಹೇಳಿದಳು: "ಈಗಿಂದೀಗ್ಲೇ ಇಬ್ಬರ ಬಿಲ್ಲೇನೂ ಒಂದೇ ಥರ ಮಾಡಪ್ಪ. ನಾನು ಹೇಗೆ ಕಾಣ್ತೀನೋ ನಿಮ್ಮಮ್ಮನೂ ಹಾಗೇ ಕಾಣ್ಬೇಕು. ಎಳ್ಳಷ್ಟೂ ವ್ಯತ್ಯಾಸ ಇರ್ಬಾರ್ದು."

"ಆಯ್ತು ಚಿಕ್ಕಮ್ಮ," ಅಂದ ಗುರುಪಾದ.

ಇಪ್ಪತ್ತೆರಡು ವರ್ಷದ ಮೇಲೆ ಸರ್ವಮಂಗಳಮ್ಮನ ಹೊಟ್ಟೆ ತಣ್ಣಗಾಯಿತು. ಫೋಟೋ ತೆಗೆಸಿಕೊಳ್ಳಬೇಕಲ್ಲ ಅಂತ ಒಳಗೆ ಓಡಿದಳು. ಮುಖ ತೊಳೆದಳು, ವಿಭೂತಿ ಹಚ್ಚಿದಳು, ಮದುವೆಯ ಸೀರೆ ಉಟ್ಟಳು, ಒಂದು ಮೊಳ ಕನಕಾಂಬರ ಮುಡಿದಳು. ಕನ್ನಡಿಯ ಮುಂದೆ ನಿಂತು ಹೇಗೆ ನಗಬೇಕು ಅಂತ ನಾಲ್ಕು ಥರ ನಕ್ಕು ನೋಡಿದಳು.

ಹೊರಗೆ ಬಂದಾಗ ಗುರುಪಾದ ಕೆಲಸ ಮುಗಿಸಿ ಕೈ ಕಟ್ಟಿ ನಿಂತಿದ್ದ. ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಟೀವಿಯಲ್ಲಿ ಪಕ್ಕಪಕ್ಕದಲ್ಲಿ ಎರಡು ಬಿಲ್ಲೆ, ಎರಡೂ ಊಟದ ತಟ್ಟೆಯಷ್ಟು. ಒಂದರಲ್ಲಿ ದಾಕ್ಷಾಯಣಿಯ ಮುಖ, ಕೆಳಗೆ ದಾಕ್ಷಾಯಣಿಯ ಹೆಸರು. ಇನ್ನೊಂದರಲ್ಲೂ ದಾಕ್ಷಾಯಣಿಯ ಮುಖ, ಅದೇ ನಗು, ಅದೇ ಮೂಗುಬೊಟ್ಟು. ಕೆಳಗೆ ಸರ್ವಮಂಗಳಮ್ಮ ಅಂತ ಹೆಸರು.

"ನೋಡಮ್ಮ," ಅಂದ ಮಗ, "ಎಳ್ಳಷ್ಟೂ ವ್ಯತ್ಯಾಸ ಇಲ್ಲ."

ಸರ್ವಮಂಗಳಮ್ಮ ಮದುವೆ ಸೀರೆಯಲ್ಲೇ ಒರಳಿನ ಪಕ್ಕ ಹೋಗಿ ಕೂತು ಫೋನು ತೆಗೆದಳು. ಇವತ್ತಿಗೂ ಅವಳು ಅಲ್ಲೇ ಕೂತಿರುತ್ತಾಳೆ, ಬೇಕಾದರೆ ಹೋಗಿ ನೋಡಿ ಬನ್ನಿ. ಎರಡು ಏಟು ಕುಟ್ಟುತ್ತಾಳೆ, ಫೋನು ತೆಗೆದು ತಿವಿಯುತ್ತಾಳೆ. ಮೊದಲು ತಿವಿಯುವುದಕ್ಕೆ ಒಂದೇ ಮುಖವಿತ್ತು, ಈಗ ಎರಡಿದೆ.