ಬೇಯದ ಕಲ್ಲು

ನದಿ ಬಾಗುವ ಕಡೆ, ಗೋಡೆ ಎಬ್ಬಿಸಿದ ಹಾಗೆ ನೆಟ್ಟಗೆ ನಿಂತ ಒಂದು ಕಪ್ಪು ಗುಡ್ಡವಿತ್ತು. ಹತ್ತಿರ ಹೋಗಿ ನೋಡಿದರೆ ಅದು ಒಂದೇ ಬಂಡೆಯಲ್ಲ. ಹಪ್ಪಳದಷ್ಟು ತೆಳುವಾದ ಪದರಗಳು, ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು. ಜನ ಅದನ್ನು ಕರಿಗೋಡೆ ಎನ್ನುತ್ತಿದ್ದರು.

ಕರಿಗೋಡೆಯ ಬುಡದಲ್ಲಿ ಅಡಿವೆಯ್ಯನವರ ಆಶ್ರಮ. ಅವರು ಪ್ರಾಯದಲ್ಲಿ ನೆಲದೊಳಗಿನ ಕಲ್ಲುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದು, ಆಮೇಲೆ ಎಲ್ಲ ಬಿಟ್ಟು ಕಾವಿ ಉಟ್ಟವರು. ಕಲ್ಲನ್ನು ಮಾತ್ರ ಬಿಟ್ಟಿರಲಿಲ್ಲ.

ಅವರ ಬಳಿಗೆ ಕೊಟ್ರೇಶನೆಂಬವನು ಬಂದ. ಮೂವತ್ತನಾಲ್ಕರ ವಯಸ್ಸು, ಎಣ್ಣೆ ತೆಗೆಯುವ ಒಂದು ಕಂಪನಿಯಲ್ಲಿ ಕೆಲಸ. ಕರಿಗೋಡೆಯಲ್ಲಿ ಎಷ್ಟು ಎಣ್ಣೆ ಇದೆ ಎಂದು ತಿಳಿದು ಬರಲು ಕಂಪನಿ ಅವನಿಗೆ ಆರು ತಿಂಗಳು ಕೊಟ್ಟಿತ್ತು. ಆ ಗುಡ್ಡವನ್ನು ಬಲ್ಲವರು ನೀವೊಬ್ಬರೇ, ನನ್ನನ್ನು ಶಿಷ್ಯನನ್ನಾಗಿ ಮಾಡಿಕೊಳ್ಳಿ ಎಂದು ಅವನು ಕೇಳಿಕೊಂಡ.

ಅಡಿವೆಯ್ಯನವರು ಗುಡ್ಡದಿಂದ ಅಂಗೈಯಷ್ಟು ಕಲ್ಲನ್ನು ಎಬ್ಬಿಸಿ ತಂದು ಒಲೆಗೆ ಹಾಕಿದರು.

ಕಲ್ಲು ಹೊತ್ತಿಕೊಂಡಿತು. ಹಳದಿ ಉರಿ, ಮೇಲೆ ದಟ್ಟ ಹೊಗೆ. ಸಮುದ್ರ ಕಾಣದ ಆ ಊರಿನ ಅಡುಗೆಮನೆಯಲ್ಲಿ ಮೀನಿನ ಬಲೆ ಒಣಹಾಕಿದಂಥ ವಾಸನೆ ತುಂಬಿತು.

ಉರಿ ಆರಿದ ಮೇಲೆ ಗುರುಗಳು ಇಕ್ಕಳದಿಂದ ಅದನ್ನು ಹೊರತೆಗೆದರು. ಕೊಟ್ರೇಶ ಬೂದಿಯನ್ನು ನಿರೀಕ್ಷಿಸಿದ್ದ. ಆದರೆ ಕಲ್ಲು ಅಷ್ಟೇ ಇತ್ತು. ಅದೇ ಉದ್ದ, ಅದೇ ಅಗಲ, ಅದೇ ಪದರ. ಬಣ್ಣ ಮಾತ್ರ ಬಿಳುಚಿತ್ತು.

"ಉರಿದದ್ದು ಯಾವುದು?" ಎಂದರು ಗುರುಗಳು.

"ಗೊತ್ತಿಲ್ಲ," ಎಂದ ಕೊಟ್ರೇಶ.

"ಹಾಗಾದರೆ ಇರು," ಎಂದು ಅವನಿಗೆ ಮಲಗಲು ಒಂದು ಕೋಣೆ ತೋರಿಸಿದರು.

ಮೂರು ತಿಂಗಳು ಅವರು ಅವನ ಕೈಯಲ್ಲಿ ಒಂದೇ ಕೆಲಸ ಮಾಡಿಸಿದರು. ಚಪ್ಪಟೆ ಉಳಿಯಿಂದ ಪದರ ಬಿಡಿಸುವುದು, ನೋಡುವುದು. ಒಂದು ಕಪ್ಪು ಗೆರೆ, ಒಂದು ಬೂದು ಗೆರೆ ಸೇರಿದರೆ ಒಂದು ವರ್ಷ. ಒಂದು ಬೆರಳಿನ ದಪ್ಪ ಬಿಡಿಸುವಷ್ಟರಲ್ಲಿ ಅವನು ಇನ್ನೂರು ವರ್ಷ ದಾಟಿರುತ್ತಿದ್ದ.

ಒಂದು ದಿನ ಪದರ ಎದ್ದಾಗ ಒಳಗೆ ಮೀನುಗಳು ಕಂಡವು. ಬೆರಳುದ್ದದ ಹನ್ನೊಂದು ಮೀನು. ಮೂಳೆ, ಹುರುಪೆ, ಕಣ್ಣಿನ ಗುಂಡಿ, ಯಾವುದೂ ಮಾಸಿರಲಿಲ್ಲ. ಹನ್ನೊಂದೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು.

ಕೊಟ್ರೇಶ ಅದನ್ನು ಗುರುಗಳ ಮುಂದಿಟ್ಟ. ಇಲ್ಲಿ ಕಡಲಿತ್ತು, ತಳದ ನೀರು ಅಲುಗಾಡದ ಕಡಲು ಎಂದರು ಅವರು. ಸತ್ತದ್ದೆಲ್ಲ ಮೆಲ್ಲಗೆ ಕೆಳಗಿಳಿಯಿತು, ಮೇಲೆ ಕೆಸರು ಕೂತಿತು. ಅಲ್ಲಿ ಕೊಳೆಯುವುದಕ್ಕೂ ಗಾಳಿ ಇರಲಿಲ್ಲ.

"ಹಾಗಾದರೆ ಅವೆಲ್ಲ ಏನಾದವು, ಅಪ್ಪಾವರೇ?"

"ಏನೂ ಆಗಲಿಲ್ಲ. ಕಾಯುತ್ತಿವೆ."

ತಾನು ಬಂದ ಕೆಲಸದ ಬಗ್ಗೆ ಅವನು ಅಂದು ನೇರವಾಗಿ ಕೇಳಿದ. ಇದರಲ್ಲಿ ಎಣ್ಣೆ ಇದೆಯೋ ಇಲ್ಲವೋ?

"ಎಣ್ಣೆ ಇಲ್ಲ. ಎಣ್ಣೆ ಆಗಬೇಕಾದದ್ದು ಇದೆ. ಈ ಕಲ್ಲು ಇನ್ನೂ ಬೆಂದಿಲ್ಲಪ್ಪ. ಆಳಕ್ಕೆ ಇಳಿದು ನೆಲದ ಕಾವಿನಲ್ಲಿ ಬೇಯಬೇಕಿತ್ತು. ಇಳಿಯಲಿಲ್ಲ. ಮೇಲೆದ್ದು ನಿಂತುಬಿಟ್ಟಿತು."

ಬೇಯಲು ಎಷ್ಟು ಕಾಲ ಬೇಕು ಎಂದು ಕೇಳಿದ್ದಕ್ಕೆ, ಕೋಟಿ ವರ್ಷಕ್ಕೆ ಕಡಿಮೆ ಇಲ್ಲ ಎಂದು ಹೇಳಿ ಅವರು ಸ್ನಾನಕ್ಕೆ ಎದ್ದರು.

ಕೋಟಿ ವರ್ಷ ಎಂದು ಕಂಪನಿಗೆ ಬರೆಯುವುದು ಹೇಗೆ? ಕೊಟ್ರೇಶನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು. ನೆಲ ಕೊಡದ ಕಾವನ್ನು ನಾನು ಕೊಟ್ಟರೆ? ಒಂದು ಹನಿ ಇಳಿದರೂ ಸಾಕಲ್ಲ, ಕಣ್ಣಾರೆ ನೋಡಿದರೆ ಸಾಕಲ್ಲ?

ಆಶ್ರಮಕ್ಕೆ ಕಾಣದಂತೆ, ಗುಡ್ಡದ ಆಚೆ ತುದಿಯಲ್ಲಿ ಅವನು ಎರಡು ಉದ್ದನೆಯ ರಂಧ್ರ ಕೊರೆದ. ಮೇಲಿನದಕ್ಕೆ ಕೆಂಡ ತುಂಬಿ ತಿದಿ ಒತ್ತಿದ. ಕೆಳಗಿನದಕ್ಕೆ ಒಂದು ಕೊಳವೆ ಸಿಕ್ಕಿಸಿ, ಅದರ ಬಾಯಿಗೆ ಹಿತ್ತಾಳೆಯ ಲೋಟ ಇಟ್ಟ.

ನಾಲ್ಕನೆಯ ದಿನ ಹನಿ ಬಿತ್ತು. ಕಂದು ಬಣ್ಣ, ಜೇನಿನ ಹಾಗೆ ಮಂದ. ಒಂಬತ್ತನೆಯ ದಿನಕ್ಕೆ ಲೋಟ ತುಂಬಿತು. ಅವನು ಅಲ್ಲೇ ಕೂತು ನಕ್ಕ. ಆಮೇಲೆ ಎರಡೂ ರಂಧ್ರಗಳಿಗೆ ಕಲ್ಲು ಜಡಿದು ಮಣ್ಣು ಮೆತ್ತಿದ. ಗಾಳಿ ಇಲ್ಲದೆ ಬೆಂಕಿ ತಾನಾಗಿ ಸಾಯುತ್ತದೆ ಎಂದುಕೊಂಡ. ಲೋಟವನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟ.

ಅಂದು ಊಟಕ್ಕೆ ಕೂತಾಗ ಗುರುಗಳು ಅವನತ್ತ ಒಮ್ಮೆ ನೋಡಿದರು. ಏನೋ ಕೇಳುವವರಂತೆ ಕೈ ತಡೆದರು. ಮತ್ತೆ ತುತ್ತು ಕಲಸಿದರು.

ಹದಿನೈದು ದಿನ ಕಳೆದಿರಬೇಕು. ಬೆಳಗ್ಗೆ ಗುಡ್ಡದ ಬದಿಯಲ್ಲಿ ನಡೆಯುವಾಗ ಅವನ ಕಾಲಿಗೆ ತಣ್ಣನೆ ಗಾಳಿ ತಾಗಿತು. ಬಗ್ಗಿ ನೋಡಿದ. ಹಿಂದೆಂದೂ ಇರದ ಒಂದು ಬಿರುಕು. ಪಕ್ಕದಲ್ಲಿ ಬಿದ್ದಿದ್ದ ಒಣ ಎಲೆಗಳು ಒಂದೊಂದಾಗಿ ಸರಿದು ಅದರೊಳಗೆ ಹೋಗುತ್ತಿದ್ದವು.

ಸಂಜೆ ಮತ್ತೆ ಬಂದು ನೋಡಿದ. ಎಲೆಗಳು ಹೊರಗಿದ್ದವು. ಅಂಚು ಸುಟ್ಟು ಮುದುಡಿದ್ದವು. ಬಿರುಕಿಗೆ ಕೈ ಒಡ್ಡಿದಾಗ ಬಿಸಿ ಉಸಿರು ಅಂಗೈಗೆ ಬಡಿಯಿತು.

ಬೆಳಗ್ಗೆ ಒಳಕ್ಕೆ, ಸಂಜೆ ಹೊರಕ್ಕೆ. ಕರಿಗೋಡೆ ಉಸಿರಾಡುತ್ತಿತ್ತು.

ಗುಡ್ಡದ ನೆತ್ತಿಯಲ್ಲಿ ಹೊನ್ನವ್ವ ಎಂಬ ಮುದುಕಿ ಒಂಬತ್ತು ಆಡು ಕಟ್ಟಿಕೊಂಡು ಒಬ್ಬಳೇ ಇದ್ದಳು. ಆಶ್ರಮಕ್ಕೆ ಹಾಲು ಕೊಡಲು ಬಂದವಳು ಆ ವಾರ ಬಹಳ ಗೆಲುವಾಗಿದ್ದಳು.

"ಈ ಸಲ ಚಳಿನೇ ಇಲ್ಲ ನೋಡ್ರಿ ಅಪ್ಪಾರ. ನೆಲ ಬೆಚ್ಚಗಾಗೇತಿ. ಯಾರೋ ಕೆಳಗ ಮಗ್ಗಲಾಗಿ ಮಲಗಿದಂಗ ಅನಸ್ತೈತಿ."

ತಾನಿಟ್ಟ ಬೆಂಕಿ ಸತ್ತಿಲ್ಲ ಎಂದು ಕೊಟ್ರೇಶನಿಗೆ ಖಾತ್ರಿಯಾಯಿತು. ಗುರುಗಳು ಅವನನ್ನು ನೋಡಲಿಲ್ಲ. ಕೆಳಗೆ ಬಂದು ಆಶ್ರಮದಲ್ಲೇ ಇರು ಎಂದು ಹೊನ್ನವ್ವನಿಗೆ ಎರಡು ಬಾರಿ ಹೇಳಿದರು. ಆಡು ಬಿಟ್ಟು ಹ್ಯಾಂಗ ಬರಲಿ ಎಂದು ಅವಳು ಹೊರಟುಹೋದಳು.

ಮೂರನೆಯ ಬೆಳಗ್ಗೆ ಹಾಲು ಬರಲಿಲ್ಲ.

ಕೊಟ್ರೇಶ ಗುಡ್ಡ ಹತ್ತಿ ಓಡಿದ. ಮೇಲೆ ಗಾಳಿ ಇರಲಿಲ್ಲ. ಹಕ್ಕಿಯ ಸದ್ದೂ ಇರಲಿಲ್ಲ. ಕಾಲ ಕೆಳಗೆ, ಒಳಗೆಲ್ಲೋ, ಚಿಟ್ ಚಿಟ್ ಎಂದು ಪದರಗಳು ಬಿಡುವ ಸದ್ದು ಮಾತ್ರ ಕೇಳುತ್ತಿತ್ತು.

ಗುಡಿಸಲ ಪಕ್ಕದ ತಗ್ಗಿನಲ್ಲಿ ಆಡಿನ ಹಟ್ಟಿ. ಒಂಬತ್ತೂ ಆಡುಗಳು ಕಾಲು ಮಡಚಿ ಮಲಗಿದ್ದವು. ಮೈಮೇಲೆ ಗಾಯವಿಲ್ಲ, ಬಾಯಲ್ಲಿ ನೊರೆಯಿಲ್ಲ. ಒಂಬತ್ತೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು.

ನಡುವೆ ಹೊನ್ನವ್ವ ಕೂತಿದ್ದಳು. ಒಂದು ಆಡಿನ ತಲೆ ಅವಳ ತೊಡೆಯ ಮೇಲಿತ್ತು. ಅವಳು ನಗುತ್ತಿದ್ದಳು.

ತಗ್ಗಿನಲ್ಲಿ ವಿಷಗಾಳಿ ನಿಂತಿದೆ ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಬಾಗಿಲ ಹರವಿಯ ನೀರಿನಲ್ಲಿ ಹೆಗಲ ಟವೆಲು ಅದ್ದಿದ. ಅದು ವಿಷ ತಡೆಯುವುದಿಲ್ಲ ಎಂದು ಗೊತ್ತಿದ್ದೂ ಮೂಗಿಗೆ ಕಟ್ಟಿಕೊಂಡ. ಉಸಿರು ಬಿಗಿಹಿಡಿದು ಇಳಿದ. ಅವಳ ಕಂಕುಳಿಗೆ ಕೈ ಹಾಕಿ ಎಳೆದ. ಅವಳು ಆಡಿನ ಕೊಂಬು ಬಿಡಲಿಲ್ಲ. ಬೆರಳು ಒಂದೊಂದೇ ಬಿಡಿಸಬೇಕಾಯಿತು.

ದಿಬ್ಬದ ಮೇಲೆ ಮಲಗಿಸಿದಾಗ ಅವಳು ಕಣ್ಣು ತೆರೆದಳು. ಅವನ ಗುರುತು ಹತ್ತಲಿಲ್ಲ.

"ಕೆಳಗ ಮಲಗಿದವ್ಗ ಎಚ್ಚರಾತೇನು?" ಎಂದಳು.

ಅವಳನ್ನು ಹೊತ್ತು ಆಶ್ರಮಕ್ಕೆ ತಂದ. ಬದುಕುತ್ತಾಳೆ ಎಂದು ಖಾತ್ರಿಯಾದ ಮೇಲೆ ಪೆಟ್ಟಿಗೆ ತೆರೆದು, ಲೋಟ ತೆಗೆದು, ಗುರುಗಳ ಪಾದದ ಬಳಿ ಇಟ್ಟ. ಏನೂ ಮುಚ್ಚಿಡದೆ ಎಲ್ಲ ಹೇಳಿದ.

ಅಡಿವೆಯ್ಯನವರು ಲೋಟವನ್ನು ಮುಟ್ಟಲಿಲ್ಲ.

"ನಾಲ್ಕನೆಯ ದಿನವೇ ನಿನ್ನ ಬಟ್ಟೆಯಲ್ಲಿ ವಾಸನೆ ಬಂದಿತ್ತು," ಎಂದರು. "ನೀನಾಗಿ ಬಂದು ಹೇಳುತ್ತೀ ಎಂದು ಕಾದೆ. ಶಿಷ್ಯನಿಗೆ ಪಾಠ ಆಗಲಿ ಎಂದು ಕಾದೆ. ಆ ಮುದುಕಿಯ ನೆಲ ಬಿಸಿಯಾದ ಮೇಲೂ ಕಾದೆ. ನಿನ್ನದಷ್ಟೇ ತಪ್ಪು ನನ್ನದು."

ಕೊಟ್ರೇಶ ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. ಇದಕ್ಕೆ ಸಿದ್ಧನಾಗಿರಲಿಲ್ಲ.

ಗಾಳಿ ಬೀಸಿ ತಗ್ಗಿನ ವಿಷ ಚದುರಿದ ಮೇಲೆ ಇಬ್ಬರೂ ಸೇರಿ ಆಡುಗಳನ್ನು ಹೂಳಿದರು. ಹೊನ್ನವ್ವ ಆಶ್ರಮದ ಗೋಡೆಗೆ ಒರಗಿ ಕೂತು ಒಂದೊಂದರ ಹೆಸರು ಹೇಳಿದಳು. ಅವನನ್ನು ಬೈಯಲಿಲ್ಲ. ಅವನು ಕಾಲಿಗೆ ಬಿದ್ದಾಗ ಕಾಲು ಹಿಂದಕ್ಕೆ ಎಳೆದುಕೊಂಡಳು.

ಕಂಪನಿಗೆ ಏನು ಬರೆಯಲಿ ಎಂದು ಅವನು ಕೇಳಿದ. ಕಂಡದ್ದನ್ನು ಬರೆ ಎಂದರು ಗುರುಗಳು. ಅವನು ಬರೆದ. ಪದರಗಳ ದಪ್ಪ ಇಷ್ಟು, ಅದರಲ್ಲಿ ಎಣ್ಣೆಯಾಗಬಲ್ಲದ್ದು ಇಷ್ಟು, ಕಲ್ಲು ಬೆಂದಿಲ್ಲ, ಬೇಯಿಸಲು ಹೋಗಿ ನಾನು ಗುಡ್ಡಕ್ಕೆ ಬೆಂಕಿ ಇಟ್ಟಿದ್ದೇನೆ, ಬೆಂಕಿ ಆರಿಲ್ಲ. ಉತ್ತರವಾಗಿ ಬಂದ ಪತ್ರದಲ್ಲಿ, ನಿಮ್ಮ ಸೇವೆ ಇನ್ನು ಬೇಕಿಲ್ಲ ಎಂದಿತ್ತು.

ಅಂದಿನಿಂದ ಇಬ್ಬರಿಗೂ ಒಂದೇ ಕೆಲಸವಾಯಿತು. ಹೊಳೆಯ ಜೇಡಿಮಣ್ಣನ್ನು ಬುಟ್ಟಿಯಲ್ಲಿ ತುಂಬಿ ತಂದು, ಗಾಳಿಯ ದಿಕ್ಕು ನೋಡಿಕೊಂಡು, ಬಿರುಕುಗಳಿಗೆ ಮೆತ್ತುವುದು. ಒಂದು ಮುಚ್ಚಿದರೆ ಮರುದಿನ ಮೊಳದಾಚೆ ಇನ್ನೊಂದು ತೆರೆಯುತ್ತಿತ್ತು. ಹೊನ್ನವ್ವ ಆಶ್ರಮದಲ್ಲೇ ಉಳಿದಳು. ಅಲ್ಲಿಯ ನೆಲ ತಣ್ಣಗೆ, ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದಳು.

ಒಂದು ವರ್ಷವಾಯಿತು. ಎರಡಾಯಿತು. ಗುಡ್ಡದ ನೆತ್ತಿಯ ಹುಲ್ಲು ಬೇರಿನಿಂದ ಮೇಲಕ್ಕೆ ಒಣಗುತ್ತ ಬಂತು. ಮಳೆ ಬಿದ್ದ ದಿನ ಕರಿಗೋಡೆಯೆಲ್ಲ ಬಿಳಿ ಹಬೆ ಬಿಡುತ್ತಿತ್ತು. ಆಗ ಅದರ ಮುಂದೆ ನಿಂತವನಿಗೆ, ಕಲ್ಲಿಗೆ ಮುಖವಿದೆ ಎನಿಸುತ್ತಿತ್ತು.

ಒಂದು ಸಂಜೆ ಕೊಟ್ರೇಶ ಆ ದಿನದ ಕೊನೆಯ ಬಿರುಕನ್ನು ಮುಚ್ಚಿ ಕೈ ಒರೆಸಿಕೊಂಡ. ಅಷ್ಟರಲ್ಲಿ ಅವನ ಮಣಿಕಟ್ಟಿನ ಬಳಿಯೇ ಕಲ್ಲು ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಬಿಸಿ ಉಸಿರು, ಯಾರೋ ಬಗ್ಗಿ ಊದಿದ ಹಾಗೆ, ಅವನ ಕೈಯ ರೋಮಗಳನ್ನು ಅಲುಗಿಸಿತು.

ಅವನು ಬುಟ್ಟಿ ಕೆಳಗಿಟ್ಟು ಕುಕ್ಕರಿಸಿದ.

"ಅಪ್ಪಾವರೇ, ನಾನು ಬದುಕಿರುವಾಗ ಇದು ಆರುತ್ತದೆಯೇ?"

ಅಡಿವೆಯ್ಯನವರು ಬುಟ್ಟಿಯಿಂದ ಒಂದು ಹಿಡಿ ಮಣ್ಣು ತೆಗೆದು, ಉಂಡೆ ಕಟ್ಟಿ, ಅವನ ಕೈಗೆ ಕೊಟ್ಟರು.

"ಒಳಗೆ ಹೋಗುವಾಗ ಬೆಂಕಿ ನಿನ್ನ ವಯಸ್ಸು ಕೇಳಿತ್ತೇನಪ್ಪ?"