ಪುಟ್ಮಾದ ಪಟ್ಟಿ ಕಟ್ಟಿದ್ದು

ಬನ್ನಿ, ಹತ್ತಿರ ಕೂತ್ಕೊಳ್ಳಿ, ಪುಟ್ಮಾದನ ವಿಷಯ ಹೇಳ್ತೀನಿ.

ನಮ್ಮೂರ ಆಸ್ಪತ್ರೆಯಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು ಆಯಾ. ಅವಳ ಒಬ್ಬನೇ ಮಗ ಪುಟ್ಮಾದ. ಆಳು ಎತ್ತರ, ಮನಸ್ಸು ಮೆತ್ತಗೆ, ಬುದ್ಧಿ ಮಾತ್ರ ಹೇಳಿದಷ್ಟೇ. ಅವ್ವ ಕಾಡಿ ಬೇಡಿ ಅಲ್ಲೇ ವಾರ್ಡಿನ ಕೆಲಸಕ್ಕೆ ಸೇರಿಸಿದ್ದಳು. ಅಷ್ಟರಲ್ಲಿ ಹೊಸ ಮಿಷನ್ನುಗಳು ಬಂದವು. ಕಲಿತವರಿಗೆ ಕೆಲಸ, ಕಲಿಯದವರು ಮನೆಗೆ ಅಂದರು ದೊಡ್ಡ ಡಾಕ್ಟರು.

"ಹೆಂಗಾದ್ರೂ ಕಲ್ತ್ಕೊ ಮಗ. ಸಿಸ್ಟರ್ ಹೇಳ್ದಂಗೇ ಮಾಡು," ಅಂದಳು ಅವ್ವ.

"ಹೇಳ್ದಂಗೇ ಮಾಡ್ತೀನಿ ಕಣವ್ವ."

ಹೆಡ್ ಸಿಸ್ಟರ್ ಜೂಲಿಯಾನ ಅವರು ಒಂದು ಪುಟ್ಟ ಮಿಷನ್ನು ಕೊಟ್ಟರು. "ಇದನ್ನ ಬೆರಳಿಗೆ ಹಾಕು, ಉಸಿರು ಹೆಂಗಿದೆ ಅಂತ ತೋರಿಸುತ್ತೆ. ಎಲ್ಲಾ ಮಂಚದ ಹತ್ರ ಹೋಗಿ ನೋಡ್ಕೊಂಡು ಬಾ."

ಪುಟ್ಮಾದ ತನ್ನ ಬೆರಳಿಗೇ ಹಾಕಿಕೊಂಡ. ಮಂಚದಿಂದ ಮಂಚಕ್ಕೆ ಹೋದ. ಬಂದು, "ಎಲ್ರೂ ಗಟ್ಟಿಮುಟ್ಟು ಸಿಸ್ಟರ್," ಅಂದ. ದಮ್ಮಿನ ಅಜ್ಜನೂ ಗಟ್ಟಿಮುಟ್ಟು.

"ನಿನಗಲ್ಲಪ್ಪ ದಡ್ಡ, ಮಂಚದ ಮೇಲೆ ಮಲಗಿರೋರಿಗೆ ಹಾಕ್ಬೇಕು."

"ಹಂಗೆ ಹೇಳ್ಬೇಕಿತ್ತು ಸಿಸ್ಟರ್."

ಮಾರನೇ ದಿನ ಕೈಗೆ ಕಟ್ಟುವ ಪಟ್ಟಿ ಬಂತು. ಪಟ್ಟಿಗೆ ಮಿಷನ್ ತೋರಿಸಿದರೆ ರೋಗಿಯ ಹೆಸರು ಕಂಪ್ಯೂಟರಿನಲ್ಲಿ ಕಾಣುತ್ತೆ. ಪುಟ್ಮಾದ ಮಂಚದ ಮೇಲೆ ಮಲಗಿದ್ದವರಿಗೆಲ್ಲ ಕಟ್ಟಿದ. ಊಟ ಮಾಡಿ ಖಾಲಿ ಮಂಚದಲ್ಲಿ ಒರಗಿದ್ದ ದೊಡ್ಡ ಡಾಕ್ಟರಿಗೂ ಕಟ್ಟಿದ. ಡಾಕ್ಟರು ಕಣ್ಣು ಬಿಟ್ಟರೆ ಹೊಸ ನರ್ಸು ಎನಿಮಾ ಹಿಡಿದು ನಿಂತಿದ್ದಳು.

"ಹೆಸರು ಕೇಳ್ದೆ ಕಟ್ತಾರೇನಯ್ಯ?" ಸಿಸ್ಟರ್ ಬೈದರು. "ಮೊದಲು ಕೇಳು. ಅವರು ಹೇಳ್ಲಿ. ಆಮೇಲೆ ಕಟ್ಟು."

"ಹಂಗೆ ಹೇಳ್ಬೇಕಿತ್ತು ಸಿಸ್ಟರ್."

ಹೆರಿಗೆ ವಾರ್ಡಿಗೆ ಕಳಿಸಿದರು. ಆಗ ತಾನೆ ಹುಟ್ಟಿದ ಕೂಸಿಗೆ, "ನಿನ್ನ ಹೆಸರೇನಪ್ಪ?" ಅಂದ. ಕೂಸು ಅತ್ತಿತು. ಕಾದ. ಮತ್ತೆ ಕೇಳಿದ. ಕೂಸು ನಿದ್ದೆ ಹೋಯಿತು. ಸಿಸ್ಟರ್ ಬಂದಾಗಲೂ ತೊಟ್ಟಿಲ ಪಕ್ಕ ಕೂತೇ ಇದ್ದ.

"ನಾಚ್ಕೊಂಡದೆ ಸಿಸ್ಟರ್," ಅಂದ.

"ಮಾತು ಬಾರದ್ದಕ್ಕೆ ಅವ್ವನ ಹೆಸರು ಹಾಕಿ ಕಟ್ಬೇಕು ಕಣೋ. ನಾಳೆ ಡಾಕ್ಟರು ನಿನ್ನ ಕೆಲಸ ಪರೀಕ್ಷೆ ಮಾಡ್ತಾರೆ, ಮರೀಬೇಡ."

ಪುಟ್ಮಾದ ಮರೆಯಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದ. ಗಾಲಿ ಕುರ್ಚಿಗೆ ಮಾತು ಬಾರದು, ಕಟ್ಟಿದ. ಆಕ್ಸಿಜನ್ ಸಿಲಿಂಡರಿಗೆ ಮಾತು ಬಾರದು, ಕಟ್ಟಿದ. ಸ್ಟೂಲು, ಬಕೆಟ್ಟು, ಸ್ಟ್ರೆಚರು, ಒಂದನ್ನೂ ಬಿಡಲಿಲ್ಲ. ಅವನಿಗೆ ಗೊತ್ತಿದ್ದ ಅವ್ವ ಒಬ್ಬಳೇ. ಕಂಪ್ಯೂಟರಿನ ತುಂಬ ದೊಡ್ಡತಾಯಮ್ಮ, ದೊಡ್ಡತಾಯಮ್ಮ, ದೊಡ್ಡತಾಯಮ್ಮ. ಅಡುಗೆಮನೆಯವರು ಅದನ್ನ ನೋಡಿ ಅಷ್ಟೂ ಜನಕ್ಕೆ ಗಂಜಿ ಕಳಿಸಿದರು.

ಡಾಕ್ಟರು ಬಂದರು. ಸಿಸ್ಟರ್ ಬಂದರು. ಹಿಂದೆ ಎದೆ ಹಿಡ್ಕೊಂಡು ದೊಡ್ಡತಾಯಮ್ಮ. ಡಾಕ್ಟರು ಸಿಲಿಂಡರಿನ ಪಟ್ಟಿಗೆ ಮಿಷನ್ ತೋರಿಸಿದರು, ಟಿಂಯ್ ಅಂತು. ಬಕೆಟ್ಟಿಗೆ ತೋರಿಸಿದರು, ಟಿಂಯ್. ಅವರಿಗೆ ನಗು ತಡೆಯಲಾಗಲಿಲ್ಲ.

"ಒಂದು ಪಟ್ಟಿಯೂ ತಪ್ಪಿಲ್ಲವಲ್ಲ ಸಿಸ್ಟರ್. ಕೆಲಸ ಕಲ್ತಿದ್ದಾನೆ, ಇರ್ಲಿ ಬಿಡಿ. ಯಾರಿಗೆ ಕಟ್ಟೋದು ಅಂತ ನೀವೇ ಪಕ್ಕದಲ್ಲಿ ನಿಂತು ಹೇಳಿ."

ದೊಡ್ಡತಾಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಮಗ ಎಲ್ಲಿ ಅಂತ ನೋಡಿದರೆ ಗಾಲಿ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಕೈಯಲ್ಲಿ ಗಂಜಿ ಬಟ್ಟಲು, ಚಮಚ.

"ಒಳ್ಳೇ ಹೊತ್ಗೆ ಬಂದೆ ಕಣವ್ವ," ಅಂದ. "ಆಗ್ಲಿಂದ ಪುಸಲಾಯಿಸ್ತಾ ಇದೀನಿ, ಒಂದೂ ಬಾಯಿ ಬಿಡ್ತಾ ಇಲ್ಲ. ನೀನು ಇವುಕ್ಕೆ ಅವ್ವ ಅಲ್ವಾ, ನೀನು ಹೇಳಿದ್ರೆ ಉಣ್ತವೆ."