ಹೂಂ ಅಂದವರು ಹೇಳಲಿ

ಕೆಂಗಲ್ಲೂರಿನ ಆಸ್ಥಾನದಲ್ಲಿ ಒಂದು ಪದ್ಧತಿ ಇತ್ತು. ಯಾರೇ ಮಾತಾಡಲಿ, ಕೇಳುವವರು ನಡುನಡುವೆ 'ಹೂಂ' ಅನ್ನಬೇಕು. ಅಜ್ಜಿ ಕತೆ ಹೇಳುವಾಗ ಮೊಮ್ಮಕ್ಕಳು ಅನ್ನುತ್ತಾರಲ್ಲ, ಹಾಗೆ. ಆದರೆ ಮೊಮ್ಮಕ್ಕಳು ಕೇಳಿಸಿಕೊಂಡು ಅನ್ನುತ್ತಾರೆ. ಆಸ್ಥಾನದ ದೊಡ್ಡವರು ತೂಕಡಿಸುತ್ತಲೇ ಅನ್ನುವುದನ್ನು ಚೆನ್ನಾಗಿ ರೂಢಿ ಮಾಡಿಕೊಂಡಿದ್ದರು.

ಅಲ್ಲಿಗೆ ಮೇಘನಾದ ಪಂಡಿತ ಬಂದ. ಬೆಳಿಗ್ಗೆ ಶುರುಮಾಡಿದ ಭಾಷಣವನ್ನು ಬಿಸಿಲು ನೆತ್ತಿಗೇರಿದ ಮೇಲೆ ಮುಗಿಸಿ ಎದೆಯುಬ್ಬಿಸಿ ನಿಂತ.

"ಮಹಾಪ್ರಭು, ನಾನು ಮಾತಾಡಿದ ಮೇಲೆ ಯಾವ ಊರಲ್ಲೂ, ಯಾರಿಗೂ ಒಂದು ಪ್ರಶ್ನೆ ಉಳಿದದ್ದಿಲ್ಲ. ಬೇಕಾದರೆ ಕೇಳಿಸಿ ನೋಡಿ!"

ಮಂತ್ರಿ ಎದ್ದು ಏನೋ ಕೇಳಿದ.

"ಅದನ್ನು ಆಗಲೇ ಹೇಳಿದೆನಲ್ಲ, ಮಂತ್ರಿಗಳೇ. ತಾವು ಕೇಳಿಸಿಕೊಳ್ಳಲಿಲ್ಲವೇ?"

ಮಂತ್ರಿ ಕೇಳಿಸಿಕೊಂಡಿದ್ದರೆ ತಾನೆ! ತೆಪ್ಪಗೆ ಕೂತ. ಸೇನಾಪತಿ ಎದ್ದ. ಅವನಿಗೂ ಅದೇ ಉತ್ತರ, ಅವನೂ ಕೂತ. ಆಮೇಲೆ ಯಾರೂ ಏಳಲಿಲ್ಲ.

ದೊರೆ ಮುದಿಯಪ್ಪನಾಯಕ ಮರುಳಾಗಿಬಿಟ್ಟ. "ಏನು ಬೇಕು ಹೇಳಿ, ಪಂಡಿತರೇ."

"ಊರಿನ ಪಾಠಶಾಲೆ ನನಗೆ ಒಪ್ಪಿಸಿ. ಈಗಿರುವ ಚೆನ್ನಮಲ್ಲಯ್ಯ ಮಕ್ಕಳಿಗೆ ಸಲಿಗೆ ಕೊಟ್ಟು ಕೆಡಿಸಿದ್ದಾನೆ. ಮಾತುಮಾತಿಗೂ ಯಾಕೆ, ಹೇಗೆ ಅನ್ನುತ್ತವೆ. ನನ್ನ ಕೈಗೆ ಬಂದರೆ ಹನ್ನೆರಡು ವರ್ಷ ಒಂದೂ ಬಾಯಿ ಬಿಡಬಾರದು!"

ದೊರೆ ಹೂಂ ಅನ್ನುವುದರಲ್ಲಿದ್ದ. ಅಷ್ಟರಲ್ಲಿ ವಿದೂಷಕ ಬೊಮ್ಮರಸ ಎದ್ದು ಕೈಮುಗಿದ.

"ಪ್ರಭು, ಹುಣ್ಣಿಮೆಯ ದಿನ ಪಂಡಿತರು ಮಕ್ಕಳ ಮುಂದೆ ಒಮ್ಮೆ ಮಾತಾಡಲಿ. ಅವರಿಂದ ಉತ್ತರ ಸಿಗದ ಒಂದೇ ಒಂದು ಪ್ರಶ್ನೆ ಉಳಿದರೆ ಚೆನ್ನಮಲ್ಲಯ್ಯನವರೇ ಇರಲಿ. ಉಳಿಯದಿದ್ದರೆ ಅವರು ಊರು ಬಿಡಲಿ, ಅವರ ಹಿಂದೆ ನಾನೂ ಗಂಟುಮೂಟೆ ಕಟ್ಟುತ್ತೇನೆ."

"ಮೂಗು ಸೋರುವ ಮಕ್ಕಳಾ ನನ್ನನ್ನು ಕೇಳೋದು!" ಪಂಡಿತ ಹೊಟ್ಟೆ ಹಿಡಿದುಕೊಂಡು ನಕ್ಕ. "ಆಗಲಿ!"

ಸುದ್ದಿ ಕೇಳಿ ಮುದುಕ ಚೆನ್ನಮಲ್ಲಯ್ಯ ಬೊಮ್ಮರಸನ ಬಳಿ ಓಡಿಬಂದ. "ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಪ್ಪ? ನೀನಾದರೂ ಸುಮ್ಮನಿರಬಾರದಾಗಿತ್ತೆ?"

"ಅಯ್ಯನವರೇ, ಮಕ್ಕಳಿಗೆ ಪ್ರಶ್ನೆ ಹಾಕೋ ಧೈರ್ಯ ನೀವು ಕೊಟ್ಟಿದ್ದೀರಿ. ಕಿವಿ ಕೊಡೋದನ್ನ ನಾನು ಕಲಿಸ್ತೀನಿ. ಒಂದಿಷ್ಟು ಬೆಲ್ಲ ಇದ್ದರೆ ಸಾಕು."

ಬೊಮ್ಮರಸ ಬೆಲ್ಲದ ಚೂರು ಮುಂದಿಟ್ಟುಕೊಂಡು ಮಕ್ಕಳ ನಡುವೆ ಕೂತ.

"ಒಂದೂರಲ್ಲಿ ಒಬ್ಬ ವ್ಯಾಪಾರಿ ಇದ್ದ."

"ಹೂಂ."

"ಅವನ ಹತ್ತಿರ ಒಂದು ಕತ್ತೆ ಇತ್ತು."

"ಹೂಂ."

"ಕತ್ತೆ ದಿನಾ ಮೊಟ್ಟೆ ಇಡ್ತಿತ್ತು."

"ಹೂಂ."

"ಬೆಲ್ಲ ನನಗೇ!" ಅಂತ ಬಾಯಿಗೆ ಹಾಕಿಕೊಂಡ.

ಮಕ್ಕಳು ಮೋಸ ಮೋಸ ಎಂದು ಕೂಗಿಕೊಂಡವು. ಬೊಮ್ಮರಸ ಬೆರಳು ಚೀಪುತ್ತ ಹೇಳಿದ: "ತಲೆಗೆ ಹೋದದ್ದಕ್ಕೆ ಮಾತ್ರ ಹೂಂ ಅಂದರೆ ಬೆಲ್ಲ ನಿಮಗೆ, ಸುಮ್ಮನೆ ಅಂದರೆ ನನಗೆ. ಎಲ್ಲಿ ಹೂಂ ಅನ್ನೋಕೆ ಬರಲ್ಲವೋ ಆ ಜಾಗ ನೆನಪಿಟ್ಟುಕೊಳ್ಳಿ. ನಿಮ್ಮ ಪ್ರಶ್ನೆ ಅಲ್ಲೇ ಕೂತಿರುತ್ತೆ."

ದಿನಾ ಅದೇ ಆಟ. ಹುಣ್ಣಿಮೆ ಹತ್ತಿರ ಬರುವಷ್ಟರಲ್ಲಿ ಬೊಮ್ಮರಸನಿಗೆ ಬೆಲ್ಲ ಸಿಗುವುದೇ ನಿಂತುಹೋಯಿತು.

ಹುಣ್ಣಿಮೆಯ ದಿನ ಆಸ್ಥಾನ ಕಿಕ್ಕಿರಿದಿತ್ತು. ಪಂಡಿತ ಒಳ್ಳೆಯ ಶಿಷ್ಯ ಹೇಗಿರಬೇಕು ಎಂದು ಗುಡುಗಿದ. "ನನ್ನನ್ನೇ ನೋಡಿ! ಗುರುಗಳ ಮುಂದೆ ಹನ್ನೆರಡು ವರ್ಷ ಕೂತೆ. ಒಂದು ದಿನ ಬಾಯಿ ಬಿಡಲಿಲ್ಲ, ಒಂದಕ್ಷರ ಬರೆದು ತೋರಿಸಲಿಲ್ಲ. ಕೊನೆಗೆ ಗುರುಗಳು, ಮಗೂ, ನಿನಗೆ ಎಲ್ಲವೂ ಅರ್ಥವಾಗಿದೆ ಎಂದು ಹರಸಿದರು!"

ಆಸ್ಥಾನ "ಹೂಂ" ಅಂದಿತು. ಮಕ್ಕಳು ಅನ್ನಲಿಲ್ಲ.

ಮಾತು ಮುಗಿದಾಗ ಎಲ್ಲರಿಗಿಂತ ಚಿಕ್ಕವಳಾದ ದ್ಯಾಮಿ ಎದ್ದಳು. "ಪಂಡಿತರೇ, ನೀವು ಬಾಯೇ ಬಿಡಲಿಲ್ಲ, ಬರೆದೂ ತೋರಿಸಲಿಲ್ಲ. ಮತ್ತೆ ನಿಮಗೆ ಅರ್ಥ ಆಗಿದೆ ಅಂತ ಗುರುಗಳಿಗೆ ಹೇಗೆ ಗೊತ್ತಾಯ್ತು?"

ಪಂಡಿತ ಹಳೆಯ ಅಸ್ತ್ರ ತೆಗೆದ. "ಅದನ್ನು ಆಗಲೇ ಹೇಳಿದೆನಲ್ಲ, ಮಗು. ನೀನು ಕೇಳಿಸಿಕೊಳ್ಳಲಿಲ್ಲವೇ?"

"ಕೇಳಿಸಿಕೊಂಡೆ. ಮೊದಲು ಶಿಷ್ಯ ನೆಲದ ಮೇಲೆ ಕೂರಬೇಕು ಅಂದಿರಿ. ಆಮೇಲೆ ಗುರುಗಳಿಗೆ ಗಾಳಿ ಬೀಸಬೇಕು ಅಂದಿರಿ. ಆಮೇಲೆ ನಿಮ್ಮ ಶಾಲಿನ ಕತೆ. ಆಮೇಲೆ ಹನ್ನೆರಡು ವರ್ಷ. ಇದನ್ನ ಹೇಳಲೇ ಇಲ್ಲ."

ಹಿಂದಿನಿಂದ ಮಕ್ಕಳೆಲ್ಲ ಒಟ್ಟಿಗೆ, "ಹೇಳಲಿಲ್ಲ!"

ಪಂಡಿತ ದೊರೆಯ ಕಡೆ ತಿರುಗಿದ. "ಮಹಾಪ್ರಭು, ತಾವೇ ಹೇಳಿ. ನಾನು ಹೇಳಿದೆನೋ ಇಲ್ಲವೋ?"

"ಹೂಂ," ಅಂದ ದೊರೆ, ಎಂದಿನಂತೆ.

ಚೆನ್ನಮಲ್ಲಯ್ಯ ಕಣ್ಣು ಮುಚ್ಚಿಕೊಂಡ. ಆದರೆ ದ್ಯಾಮಿ ಇನ್ನೂ ನಿಂತೇ ಇದ್ದಳು. "ಮಹಾಸ್ವಾಮಿ, ಹೂಂ ಅಂದಿರಿ. ಹಾಗಾದರೆ ಪಂಡಿತರು ಏನು ಹೇಳಿದರು?"

ಬೊಮ್ಮರಸ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡ.

ದೊರೆ ಕಿರೀಟ ಸರಿಸಿ ತಲೆ ಕೆರೆದುಕೊಂಡ. "ನಿಜ ಹೇಳಬೇಕೆಂದರೆ, ಮಗಳೇ, ನಾನು ಮಧ್ಯಾಹ್ನದ ಹೋಳಿಗೆ ನೆನೆಯುತ್ತಿದ್ದೆ," ಎಂದವನೇ ಗಹಗಹಿಸಿ ನಕ್ಕ.

ಆ ನಗುವಿನ ನಡುವೆ ಪಂಡಿತ ಶಾಲು ಹೊದ್ದು ಬಾಗಿಲ ಕಡೆ ನಡೆದ. ಯಾರೂ ಹೇಳದೆಯೇ ಬಾಯಿ ಮುಚ್ಚಿಕೊಂಡಿದ್ದು ಅವನ ಜನ್ಮದಲ್ಲಿ ಅದೇ ಮೊದಲಿರಬೇಕು.

"ಚೆನ್ನಮಲ್ಲಯ್ಯನವರೇ, ಶಾಲೆ ನಿಮ್ಮದೇ," ಎಂದ ದೊರೆ. "ಇನ್ನೊಂದು ಆಜ್ಞೆ. ಇವತ್ತಿನಿಂದ ಈ ಆಸ್ಥಾನದಲ್ಲಿ ಹೂಂ ಅಂದವರು, ಯಾವುದಕ್ಕೆ ಹೂಂ ಅಂದೆವು ಎಂದು ಹೇಳಬೇಕು."

"ಹೂಂ!" ಅಂದಿತು ಇಡೀ ಆಸ್ಥಾನ.

ದ್ಯಾಮಿ ಮಂತ್ರಿಯ ಕಡೆ ತಿರುಗಿದಳು. "ಯಾವುದಕ್ಕೆ, ಮಂತ್ರಿಗಳೇ?"

ಮಂತ್ರಿ ಪೇಟ ಸರಿಮಾಡಿಕೊಂಡ. "ಅದೇ... ಪ್ರಭುಗಳು ಊಟಕ್ಕೆ ಏಳೋಣ ಅಂದರಲ್ಲ, ಅದಕ್ಕೆ."

ದೊರೆ ಕಣ್ಣೊರೆಸಿಕೊಳ್ಳುತ್ತ ಹೇಳಿದ: "ಬೊಮ್ಮರಸ, ನಾಳೆಯಿಂದ ಇವರನ್ನೂ ಈ ಹುಡುಗಿಯ ಪಕ್ಕ ಕೂರಿಸಪ್ಪ. ಬೆಲ್ಲ ಅರಮನೆಯಿಂದ ಬರುತ್ತೆ. ಬಹಳ ದಿನ ಅದೆಲ್ಲ ನಿನ್ನ ಪಾಲಿಗೇ!"